ಗಾಜು ತೊಳೆಯುವ ಸಿದ್ದಪ್ಪ

ಸುನಂದಾಬಾಯಿ ಗಂಡನ ತಲೆಗೆ ರುಮಾಲು ಸುತ್ತಿ ತುದಿ ಸಿಗಿಸುತ್ತಿದ್ದಾಗ ಓಣಿಯ ಬಾಯಿಗೆ ಬಿಳಿ ಕಾರು ಬಂದು ನಿಂತಿತು. ಲಿಂಗಾಯತರ ಪದ್ಧತಿಯಂತೆ ಸಿದ್ದಪ್ಪನನ್ನು ಮೀಯಿಸಿ, ಪಡಸಾಲೆಯ ಗೋಡೆಗೆ ಆನಿಸಿ ಕುರ್ಚಿಯಲ್ಲಿ ಕೂಡಿಸಿದ್ದರು. ಬದುಕಿದ್ದಾಗ ಇಷ್ಟು ಹೊತ್ತು ಆರಾಮಾಗಿ ಕೂತ ಮನುಷ್ಯನಲ್ಲ.

"ಪ್ರೊಫೆಸರ್ ಸಾಹೇಬ್ರು ಬಂದ್ರ ನೋಡ," ಎಂದಳು ಪಕ್ಕದ ಮನೆಯ ಸಾತವ್ವ, ಸೆರಗು ಸರಿಮಾಡಿಕೊಳ್ಳುತ್ತ. "ಎಷ್ಟ ದೊಡ್ಡ ಮನಶ್ಯಾ, ಕೆಲಸಾ ಬಿಟ್ಟ ಬಂದಾನ."

"ಕೆಲಸಕ್ಕನ ಬಂದಾನ," ಎಂದಳು ಸುನಂದಾಬಾಯಿ.

ಅವಳ ಮಾತು ಸುಳ್ಳಾಗಿರಲಿಲ್ಲ. ಸಾಂಗ್ಲಿಯ ವಿದ್ಯಾಪೀಠದ ಭೌತಶಾಸ್ತ್ರ ವಿಭಾಗದಲ್ಲಿ ಅಂದು ಸಂಶೋಧನಾ ಭಾಷಣಗಳ ದಿನ. ಬೆಳಿಗ್ಗೆಯಿಂದ ಒಬ್ಬರಾದ ಮೇಲೊಬ್ಬರು ಮಾತಾಡುತ್ತಿದ್ದರು. ಮೂರು ಗಂಟೆಗೆ ಈ ಪ್ರೊಫೆಸರ್, ವಿಭಾಗದ ಮುಖ್ಯಸ್ಥ ರತ್ನದೀಪರ ಸರದಿ. ಗಾಜಿನ ಪಟ್ಟಿಯ ಮೇಲೆ ಕೂದಲಿಗಿಂತ ತೆಳ್ಳನೆಯ ಲೇಪ ಕೂರಿಸಿ ಬಿಸಿಲಿನಿಂದ ವಿದ್ಯುತ್ತು ತೆಗೆಯುವುದು ಅವರಿಗೆ ಹೆಸರು ತಂದ ಕೆಲಸ. ಆ ಗಾಜು ತೊಳೆದು ಕೊಡುವುದು ಅಟೆಂಡರ್ ಸಿದ್ದಪ್ಪನ ಕೆಲಸ, ಇಪ್ಪತ್ತೆಂಟು ವರ್ಷ. ಅವನು ಆಸ್ಪತ್ರೆಯಲ್ಲಿ ಮಲಗಿದ ಇಪ್ಪತ್ತು ದಿನಗಳಲ್ಲಿ ವಿಭಾಗದ ಒಂದು ಲೇಪವೂ ಗಾಜಿಗೆ ಹಿಡಿಯಲಿಲ್ಲ. ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದು ಬಂತು. ಪುಣೆಯ ವಿಜ್ಞಾನಿಗಳು ರತ್ನದೀಪರ ಲೇಖನ ಓದಿ ಹಾಗೆಯೇ ಮಾಡಿ ನೋಡಿದ್ದರು, ಅವರಿಗೂ ಹಿಡಿದಿರಲಿಲ್ಲ. ಇಂದು ಮುಂದಿನ ಸಾಲಿನಲ್ಲಿ ಕೂತು ಕಾರಣ ಕೇಳುವವರಿದ್ದರು. ಬಾಳೆಹಣ್ಣು ಹಿಡಿದು ಆಸ್ಪತ್ರೆಗೆ ಬಂದ ವಿದ್ಯಾರ್ಥಿಗಳು ಇದನ್ನೆಲ್ಲ ಸುನಂದಾಬಾಯಿಯ ಮುಂದೆಯೇ ಆಡಿಕೊಂಡಿದ್ದರು.

ರತ್ನದೀಪ ಹಾರ ಹಾಕಿದರು, ಕೈಮುಗಿದರು, ಗಡಿಯಾರ ನೋಡಿಕೊಂಡರು. ವಿಭಾಗದಲ್ಲಿ ಮರಾಠಿಯನ್ನೇ ಆಡುವವರು. ಅವ್ವನಿಂದ ಕಲಿತ ಕನ್ನಡ ಕೆಲಸವಿದ್ದಾಗ ಮಾತ್ರ ಹೊರಬರುತ್ತಿತ್ತು.

"ವಹಿನಿ, ಭಾಳ ವಾಯಿಟ ಆತು, ಹಿಂಗಾಗಬಾರದಿತ್ತು. ಸಿದ್ದಪ್ಪ ನಮ್ಮ ಮನೀ ಮನಶ್ಯಾ ಇದ್ದಂಗ. ಒಂದ ಕೇಳೋದಿತ್ತು. ಗಾಜು ತೊಳಿಯೂ ಮುಂದ ಅವ ಏನ ಹಚ್ಚತಿದ್ದ? ನಿಮಗ ಏನರೆ ಹೇಳ್ಯಾನೇನು?"

ಮಗಳು ಸೋನಾಲಿ ಬಾಯಿ ತೆರೆದಳು. ಸುನಂದಾಬಾಯಿ ಅವಳ ಮುಂಗೈ ಹಿಡಿದು ಉಗುರಿಳಿಯುವಷ್ಟು ಒತ್ತಿದಳು.

*

ಮೂರು ವರ್ಷದ ಹಿಂದೆ, ಇಂಥದೇ ಭಾಷಣಗಳ ದಿನ. ಸಿದ್ದಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದ. ಹೊರಗಿನಿಂದ ಬಂದ ಮುದುಕ ವಿಜ್ಞಾನಿಯೊಬ್ಬರು ಪಟ್ಟಿಯನ್ನು ಉಗುರಿನಿಂದ ಕೆರೆದು ನೋಡಿ, ಲೇಪ ಇಷ್ಟು ಗಟ್ಟಿ ಹಿಡಿದಿದೆಯಲ್ಲ, ಗಾಜು ಹೇಗೆ ತೊಳೆಯುತ್ತೀರಿ ಎಂದು ಕೇಳಿದರು. ಗೋಡೆಗೆ ನಿಂತಿದ್ದ ಸಿದ್ದಪ್ಪ, ನಾನು ಹೇಳುತ್ತೇನೆ ಸರ್ ಎಂದು ಕೈಯೆತ್ತಿ ಎರಡು ಹೆಜ್ಜೆ ಮುಂದೆ ಬಂದ.

ಮೊದಲು ಚಹಾದ ಕಪ್ಪು ಎತ್ತು ಸಿದ್ದಪ್ಪಾ, ಎಂದರು ರತ್ನದೀಪ ಮರಾಠಿಯಲ್ಲಿ. ಸಭೆ ನಕ್ಕಿತು. ನಗು ಮುಗಿಯುವುದರೊಳಗೆ, ಆಮ್ಲದಿಂದ ತೊಳೆಯುತ್ತೇವೆ ಎಂದು ತಾವೇ ಉತ್ತರ ಕೊಟ್ಟರು.

ಸಂಜೆ ಮನೆಗೆ ಬಂದವನು ಅಂಗಿ ಬಿಚ್ಚಿ ಮಡಚಿಟ್ಟ. "ಒಂದ ಮಿನಿಟ ಆಗತಿತ್ತು, ಸುನಂದಾ. ಹೇಳಿದ್ರ ಎಲ್ಲಾರಿಗೂ ಉಪಯೋಗ ಆಗತಿತ್ತು," ಎಂದ. ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ. ಅವನ ಪಾಲಿನದೂ ಸೇರಿ ಅವಳಿಗೇ ಬಂತು.

ಹೇಳಬೇಕಾಗಿದ್ದುದು ಇಷ್ಟೇ: ಆಮ್ಲದಲ್ಲಿ ತೊಳೆದ ಗಾಜನ್ನು ಸಿದ್ದಪ್ಪ ಹಣೆಗೆ ಹಚ್ಚುವ ವಿಭೂತಿಯ ಪುಡಿಯಿಂದ ತಿಕ್ಕಿ ಮತ್ತೊಮ್ಮೆ ತೊಳೆಯುತ್ತಿದ್ದ. ವಿಭೂತಿ ಗಟ್ಟಿಯನ್ನು ಕುಟ್ಟಿ, ಹಳೆಯ ಧೋತರದಲ್ಲಿ ಮೂರು ಸಲ ಸೋಸಿ, ಡಬ್ಬಿ ತುಂಬಿ ಕೊಡುತ್ತಿದ್ದವಳು ಸುನಂದಾಬಾಯಿ. ಗಾಜು ತೊಳೆಯುವ ಕೋಣೆಗೆ ರತ್ನದೀಪ ಒಂದು ದಿನವೂ ಕಾಲಿಟ್ಟವರಲ್ಲ.

*

"ಅವ್ವಾ, ಹೇಳಿಬಿಡೂನು," ಸೋನಾಲಿ ತಾಯಿಯ ಕಿವಿಯಲ್ಲಿ ಉಸುರಿದಳು. "ಪಪ್ಪಾ ಇದ್ದಿದ್ರ ಹೇಳ್ತಿದ್ರು."

"ಅವ್ರು ಹೇಳಾಕ ಬಾಯಿ ತಗದಾಗ ಇವ ಕಪ್ಪು ಎತ್ತಿಸ್ಯಾನ."

ರತ್ನದೀಪರ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅವರು ಹಣೆಯ ಬೆವರು ಒರೆಸಿಕೊಂಡರು. "ವಹಿನಿ, ಕೈ ಮುಗಿತೇನಿ. ಇವತ್ತ ನಾ ಉತ್ತರಾ ಕೊಡಲಿಲ್ಲಂದ್ರ ಇಷ್ಟ ವರ್ಷದ ಕೆಲಸಾ ಎಲ್ಲಾ ಖೋಟಾ ಅಂತಾರ."

ಸುನಂದಾಬಾಯಿ ಎದ್ದು ನಿಂತಳು. ಮೂಲೆಯಲ್ಲಿ ಹಾಡುತ್ತ ಕೂತಿದ್ದ ಭಜನೆಯವರು ತಾಳ ನಿಲ್ಲಿಸಿದರು.

"ನನಗೇನ ಕೇಳ್ತೀರಿ ಸರ್? ಅಲ್ಲೇ ಕುಂತಾರ. ಇಪ್ಪತ್ತೆಂಟ ವರ್ಷ ಅವ್ರು ನಿಮ್ಮ ಮುಂದ ನಿಂತ್ರು. ಇವತ್ತ ನೀವು ನಿಂತು ಅವರನ್ನ ಕೇಳ್ರಿ."

ಪಡಸಾಲೆಯ ಮಂದಿಯೆಲ್ಲ ನೋಡುತ್ತಿದ್ದರು. ರತ್ನದೀಪರ ಮುಖ ಕೆಂಪಾಯಿತು. ಹೋಗಲೂ ಆಗದೆ ಇರಲೂ ಆಗದೆ ಕುರ್ಚಿಯ ಮುಂದೆ ಹೋಗಿ ನಿಂತರು. ಒಳಗುಟ್ಟು ತಿಳಿಯದ ಸಾತವ್ವ ವಿಭೂತಿಯ ತಾಟು ಮುಂದೆ ಹಿಡಿದಳು. "ಹಚ್ಚರಿ ಸಾಹೇಬ್ರ, ಎಲ್ಲಾರೂ ಹಚ್ಚ್ಯಾರ." ಅವರು ಮೂರು ಬೆರಳು ಅದ್ದಿ ಸಿದ್ದಪ್ಪನ ಹಣೆಗೆ ಎಳೆದರು.

ಸೋನಾಲಿ ತಾಯಿಯನ್ನು ನೋಡಿದಳು. ಬೆಳಗಿನಿಂದ ಬರದ ಅಳು ಸುನಂದಾಬಾಯಿಗೆ ಆಗಲೂ ಬರಲಿಲ್ಲ. ಹೊಟ್ಟೆ ಮಾತ್ರ ತಣ್ಣಗಾಗಿತ್ತು.

ಅಂಗಳಕ್ಕಿಳಿದ ರತ್ನದೀಪ ಬೆರಳಿಗೆ ಮೆತ್ತಿದ ಬಿಳಿಯನ್ನು ಕರವಸ್ತ್ರಕ್ಕೆ ಒರೆಸಿದರು. ಪೂರ್ತಿ ಹೋಗಲಿಲ್ಲ. ಸುನಂದಾಬಾಯಿ ತಂಬಿಗೆ ತುಂಬಿ ತಂದಳು. ಅವರು ಕೈಯೊಡ್ಡಿದರು, ಒಂದು ಕಣವೂ ಉಳಿಯದ ಹಾಗೆ ಅವಳು ನೀರು ಸುರಿದಳು.