ಹೊರಗೆ ಹೋಗುವ ಗುಂಡಿ

ವಿಶ್ವವಿದ್ಯಾಲಯದ ಅಧ್ಯಾಪಕರು ತಮ್ಮದೇ ವೆಬ್‌ಸೈಟನ್ನು ತಾವೇ ಮಾಡಿಕೊಳ್ಳಲೆಂದು, ಕಂಪ್ಯೂಟರಿನಲ್ಲಿ ಮೂರೇ ಪುಟ ತುಂಬಿದರೆ ಸಾಕೆನ್ನುವ ಸುಲಭದ ದಾರಿ ಮಾಡಿದ್ದೆ. ಅಧ್ಯಾಪಕರ ಕೈಲೇ ಅದನ್ನು ತುಂಬಿಸಿ ನೋಡುವ ಇವತ್ತಿನ ಪರೀಕ್ಷೆಯಲ್ಲಿ ಯಾರೂ ಕೊನೆ ಮುಟ್ಟದಿದ್ದರೆ ಈ ಕೆಲಸ ಹೊರಗಿನ ಕಂಪನಿಯ ಪಾಲಾಗುತ್ತಿತ್ತು.

ಮೊದಲು ಬಂದವರು ಗಣಿತದ ಮೇಷ್ಟ್ರು. ನಾನು ಎಂದಿನಂತೆ ಬಾಗಿಲ ಪಕ್ಕದ ಕುರ್ಚಿ ಹಿಡಿದು ಅವರ ಕೈಯನ್ನೇ ನೋಡುತ್ತಿದ್ದೆ. ಹೆಸರಿನ ಜಾಗದಲ್ಲಿ ಅವರು ಬೇರೆ ಯಾರದೋ ಹೆಸರು ಬರೆದರು. ನನ್ನನ್ನು ಸೋಲಿಸಲು ನಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರೇ ಇವರನ್ನು ಕಳಿಸಿರಬೇಕು ಅನ್ನಿಸಿತು.

"ಸಾರ್, ಅದು ನಿಮ್ಮ ಹೆಸರಲ್ಲ."

"ಗೊತ್ತಮ್ಮ. ಇಷ್ಟು ಸಲೀಸಾಗಿ ಒಳಗೆ ಬಿಟ್ಕೋತೀರಲ್ಲ, ಆಮೇಲೆ ಹೊರಗೆ ಬಿಡ್ತೀರೋ ಇಲ್ವೋ? ಅದು ಗೊತ್ತಾಗೋವರೆಗೆ ನನ್ನ ಹೆಸರು ಕೊಡಲ್ಲ."

ಎಲ್ಲಿ ಹೋದರೂ ಹೊರಗಿನ ದಾರಿ ನೋಡಿಕೊಂಡೇ ಕೂರುವವಳು ನಾನು. ನನ್ನ ಪುಟಗಳಲ್ಲಿ ಮಾತ್ರ ಅದನ್ನು ಇಟ್ಟಿರಲಿಲ್ಲ.

ಅಲ್ಲೇ ಕೂತು ಪ್ರತಿ ಪುಟದ ಕೆಳಗೂ "ಬೇಡ, ಎಲ್ಲ ಅಳಿಸಿ" ಎಂಬ ಗುಂಡಿ ಸೇರಿಸಿದೆ. ಮೇಷ್ಟ್ರು ಅದನ್ನು ಒತ್ತಿ, ಬರೆದದ್ದು ನಿಜವಾಗಿಯೂ ಅಳಿಸಿಹೋಯಿತೇ ಎಂದು ಕಣ್ಣರಳಿಸಿ ನೋಡಿ, ಆಮೇಲೆ ಸ್ವಂತ ಹೆಸರು ಬರೆದು ಕೊನೆ ಮುಟ್ಟಿದರು.

"ನಿಮ್ಮನ್ನ ಕಳಿಸಿದ್ದು ಯಾರು ಸಾರ್?"

"ನಿಮ್ಮ ಮುಖ್ಯಸ್ಥರೇ. ಯಾರನ್ನೂ ನಂಬದ ಒಬ್ಬ ಮನುಷ್ಯ ಬೇಕು ಅಂದ್ರು."

ಅದು ನನ್ನನ್ನು ಉಳಿಸಲೋ, ಮುಳುಗಿಸಲೋ ಎಂದು ಈಗಲೂ ಯೋಚಿಸುತ್ತಿದ್ದೇನೆ.