ಎರಡು ಪರದೆಗಳ ನಡುವೆ

ರೊಟ್ಟಿ ಬಡಿಯುತ್ತಿದ್ದ ಮಾರೆವ್ವನ ಕೈ ಅರ್ಧಕ್ಕೇ ನಿಂತಿತ್ತು. ಹಿಟ್ಟಿನ ಅಂಚು ಬಿರುಕು ಬಿಡುತ್ತಿದ್ದುದನ್ನು ಅವಳು ಯಾರದೋ ಮನೆಯ ರೊಟ್ಟಿಯೆಂಬಂತೆ ನೋಡುತ್ತ ಕೂತಿದ್ದಳು. ಹಂಚಿನ ಮೇಲಿನದು ಸೀದ ವಾಸನೆ ಬಂದಾಗ ಗಂಡ ಬಾಲಪ್ಪ ಬಾಗಿಲಲ್ಲಿ ಇಣುಕಿದ.

"ಹೊತ್ತೈತಿ ನೋಡ. ಇವತ್ತ ಆ ಮೇಡಂದು ಕಡೀ ವಾರ ಅಲ್ಲೇನು? ಬಸ್ ಬರೂ ಟೈಮಾತು."

"ಹ್ಞೂಂ," ಎಂದು ಕರಕಾದ ರೊಟ್ಟಿಯನ್ನು ತನ್ನ ಪಾಲಿಗೆ ತೆಗೆದಿಟ್ಟುಕೊಂಡಳು.

ಅವಳಿಗೆ ಹೀಗಾಗಲು ಇಂಥದೇ ಎಂಬ ಕಾರಣವಿರಲಿಲ್ಲ. ಸತ್ತವರಿಲ್ಲ, ಬಿಟ್ಟುಹೋದವರಿಲ್ಲ. ಬೀಜದ ಕಂಪನಿಯವರು ಬಲೆಪರದೆ ಕಟ್ಟಿ ಮಾಡಿದ ನೆಟ್ ಹೌಸಿನಲ್ಲಿ ಡೊಣ್ಣಮೆಣಸಿನಕಾಯಿಯ ಹೂವಿಗೆ ಹೂವು ಕೂಡಿಸುವ ಕ್ರಾಸಿಂಗ್ ಕೆಲಸದಲ್ಲಿ ಅವಳ ಕೈಗೆ ಊರಲ್ಲೇ ಹೆಸರಿತ್ತು. ಒಂದು ಮುಂಜಾನೆ ಆ ಬಿಳಿ ಪರದೆಯೊಳಗೆ ನಿಂತಿದ್ದಾಗ ಹೂಗಳೆಲ್ಲ ದೂರ ದೂರ ಸರಿದುಹೋದಂತಾಯಿತು. ಮರುದಿನ ಏಳಲಾಗಲಿಲ್ಲ. ಅದರ ಮರುದಿನವೂ.

ತಾಲ್ಲೂಕಿನ ಆಸ್ಪತ್ರೆಯ ಹಿಂದಿನ ಪಡಸಾಲೆಯಲ್ಲಿ ವಾರಕ್ಕೊಮ್ಮೆ ಬೇರೆ ಬೇರೆ ಊರಿನ ಹೆಂಗಸರು ಸೇರುತ್ತಿದ್ದರು. ಮನಸ್ಸು ಕುಸಿದವರನ್ನು ಹೀಗೆ ಗುಂಪಿನಲ್ಲಿ ಕೂರಿಸಿ, ಹಿಂದೆ ಇಷ್ಟಪಟ್ಟು ಮಾಡುತ್ತಿದ್ದ ಒಂದು ಕೆಲಸಕ್ಕೆ ಮತ್ತೆ ಕೈ ಹಚ್ಚಿಸಿದರೆ ಗುಣವಾದೀತೇ ಎಂದು ನೋಡುವ ಪರೀಕ್ಷೆ ಅದು. ಚೀಟಿ ಎತ್ತಿ ಇವರನ್ನು ಆರಿಸಿದ್ದರು. ಉಳಿದವರಿಗೆ ಸದ್ಯ ಗುಳಿಗೆ ಮಾತ್ರ. "ಮನಸ್ಸು ನೆಟ್ಟಗಾದ ಮ್ಯಾಲ ಮಾಡ್ತೀನಿ ಅಂತ ಕುಂದ್ರಬ್ಯಾಡ್ರಿ. ಮೊದಲ ಕೈ ಹೋಗ್ಲಿ, ಮನಸ್ಸು ಹಿಂದಿಂದ ಬರ್ತೈತಿ," ಎನ್ನುತ್ತಿದ್ದರು ಕೊಪ್ಪಳದಿಂದ ಬರುವ ಅಮೃತಾ ಮೇಡಂ.

ಯಾವ ಕೆಲಸ ಎಂದು ಕೇಳಿದಾಗ ಮಾರೆವ್ವ ಕ್ರಾಸಿಂಗ್ ಅಂದಿದ್ದಳು. ಮುಂದಿನ ವಾರ ಮೇಡಂ ಕೇಳಿದಾಗ, ಬಿಸಿಲಿಗೆ ಕೆಂಪಾಗಿದ್ದ ಅವರ ಮುಖ ನೋಡಿ "ಹೋಗಿದ್ನಿರಿ" ಅಂದುಬಿಟ್ಟಳು. ಅಷ್ಟು ದೂರದಿಂದ ಬಂದ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವುದು ಹೇಗೆ? ಒಂದು ಸಲ ಮಾತಿನಲ್ಲಿ ಹೋದವಳು ಪ್ರತಿ ವಾರವೂ ಮಾತಿನಲ್ಲೇ ಹೋಗಬೇಕಾಯಿತು. ಬೆರಳಿಗೆ ಉಂಗುರ, ಅದರ ಪುಟ್ಟ ಬಟ್ಟಲಲ್ಲಿ ಹೂವಿನ ಪುಡಿ, ಬಗ್ಗಿ ಹೂವನ್ನು ಅದ್ದುವಾಗ ಮೂಗಿಗೆ ಬರುವ ಹಸಿ ವಾಸನೆ. ಹೇಳುತ್ತ ಹೇಳುತ್ತ ಅವಳು ನಿಜಕ್ಕೂ ಆ ಹಾಲಿನಂಥ ಬೆಳಕಿನೊಳಗೆ ತೇಲುತ್ತಿದ್ದಳು. ಮಾತು ಮುಗಿದರೆ ಮತ್ತೆ ಕಾಲಡಿಗೆ ಪಡಸಾಲೆಯ ತಣ್ಣನೆಯ ಪರಸಿಕಲ್ಲು.

ಈ ಕಡೆಯ ವಾರ ಗುಂಪಿನ ಹಸನಬೀ ಎಷ್ಟೋ ದಿನಗಳ ಮೇಲೆ ಕೈತುಂಬ ಹಸಿರು ಬಳೆ ಇಟ್ಟುಕೊಂಡು ಬಂದಿದ್ದಳು. "ನಮ್ಮ ಮನಿಯವ್ರು 'ಯಾರ ಮದುವಿ ಐತಿ?' ಅಂದ್ರು. 'ನಂದ. ನೀವೂ ಊಟಕ್ಕ ಬರ್ರಿ' ಅಂದೆ." ಪಡಸಾಲೆಯೆಲ್ಲ ನಕ್ಕಿತು. ಆಗ, ಗುಂಪಿನಲ್ಲೇ ಚಿಕ್ಕವಳಾದ, ಎಂದೂ ಬಾಯಿ ಬಿಡದ ಕಸ್ತೂರೆಮ್ಮ ಕಂಬಕ್ಕೆ ಒರಗಿದಲ್ಲಿಂದಲೇ, "ಮಾರೆವ್ವಕ್ಕ ಹೇಳಿದ್ದು ಕೇಳಿ ನಾನೂ ನಮ್ಮೂರ ನೆಟ್‌ಗೆ ಹೋಗಿದ್ನಿರಿ," ಎಂದಳು. ಮೇಡಂ ಕಣ್ಣು ತುಂಬಿಕೊಂಡು ಚಪ್ಪಾಳೆ ತಟ್ಟಿದರು.

ಬಸ್ ನಿಲ್ದಾಣದ ನಳಕ್ಕೆ ಬೊಗಸೆ ಒಡ್ಡಿದ್ದ ಮಾರೆವ್ವನ ಸೆರಗನ್ನು ಕಸ್ತೂರೆಮ್ಮ ಜಗ್ಗಿದಳು. "ಯಕ್ಕಾ, ನಾ ಸುಳ್ಳ ಹೇಳಿದೆ. ಬಾಗಲ ತನಕ ಹೋಗಿ ವಾಪಸ್ ಬಂದೆ. ಮೇಡಂ ಪಾಪ, ಬಿಸಲಾಗ ಬರ್ತಾರಲ್ಲ... ಇನ್ನ ಅವರೂ ಬರಂಗಿಲ್ಲ. ನೀ ಮೊದಲನೇ ದಿನ ಹೆಂಗ ಒಳಗ ಹೋದಿ? ಅದೊಂದು ಹೇಳು."

ಮಾರೆವ್ವನ ಬೊಗಸೆಯಿಂದ ನೀರು ಸೋರಿಹೋಯಿತು. ತಾನೂ ಹೋಗಿಲ್ಲ ಎಂದರೆ ಈ ಹುಡುಗಿ ಇನ್ನೆಂದೂ ಆ ಬಾಗಿಲ ಹತ್ತಿರ ಸುಳಿಯಲಾರಳು.

"ಬಾಗಲಕ್ಕ ಎರಡ ಪರದಿ ಅದಾವಲ್ಲ," ಎಂದಳು ನಿಧಾನಕ್ಕೆ. "ಮೊದಲನೇದು ಸರಿಸಿ ಒಳಗ ಹೋಗು. ಹುಳ ಬರ್ತಾವಂತ ಅದನ್ನ ಮುಚ್ಚಲಾರದ ಎರಡನೇದು ತೆಗಿಯಂಗಿಲ್ಲ. ನಡುವ ಒಂದ್ ಮಾರು ಜಾಗ ಐತಿ. ಅಲ್ಲಿ ನಿಂದ್ರು. ಹೊರಗಿನವ್ರಿಗೆ ನೀ ಒಳಗ ಹೋಗೀದಿ, ಒಳಗಿನವ್ರಿಗೆ ಇನ್ನೂ ಬಂದಿಲ್ಲ. ಅಲ್ಲಿ ಯಾರೂ ಏನೂ ಕೇಳಂಗಿಲ್ಲ."

"ಆಮ್ಯಾಲ?"

"ಆಮ್ಯಾಲ ಒಂದ ಹೂವು. ಒಂದ."

"ನೀ ಹಂಗ ಮಾಡಿದೇನು?"

ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಮಾರೆವ್ವ ಅವಳ ಕೈಯನ್ನೊಮ್ಮೆ ಒತ್ತಿ, ಬಸ್ಸು ಹತ್ತಿದಳು.

ಸಂಜೆ ಹಂಚಿನ ಪಕ್ಕ ಒಂದು ರೊಟ್ಟಿ ಹೆಚ್ಚಾಗಿ ಉಳಿದಿತ್ತು. "ಯಾರರ ಬರಾವ್ರದಾರೇನು?" ಬಾಲಪ್ಪ ಕೇಳಿದ.

"ಯಾರಿಲ್ಲ."

ಅವನು ಕಟ್ಟೆಗೆ ಹೋದ ಮೇಲೆ ಗೋಡೆಯ ಮಾಡದಲ್ಲಿ, ಕುಂಕುಮದ ಡಬ್ಬಿಯ ಹಿಂದೆ ಬಿದ್ದಿದ್ದ ಉಂಗುರವನ್ನು ತೆಗೆದಳು. ಅದರ ಬಟ್ಟಲಿನ ಅಂಚಿಗೆ ಹಳೆಯ ಪುಡಿ ಇನ್ನೂ ಅಂಟಿತ್ತು. ಒರೆಸಲಿಲ್ಲ. ಕ್ರಾಸಿಂಗಿನ ಹೆಂಗಸರನ್ನು ಒಯ್ಯುವ ಟಂಟಂ ಗಾಡಿ ಬೆಳಗಾದರೆ ಹುಣಸೆಮರದ ಕೆಳಗೇ ಬಂದು ನಿಲ್ಲುತ್ತದೆ. ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿ, ಗಂಟಿನ ತುದಿಗೆ ಉಂಗುರ ಪೋಣಿಸಿ, ಬಾಗಿಲ ಬದಿಯ ಗೂಟಕ್ಕೆ ಸಿಕ್ಕಿಸಿದಳು. ಗಾಳಿಗೆ ಅದು ಸ್ವಲ್ಪ ಹೊತ್ತು ತೂಗಿ, ನಿಂತಿತು.