ಒಂದು ಸಹಿ ಕಡಿಮೆ ಬಿದ್ದ ಅರ್ಜಿ

ಆ ಪೇಟೆಬೀದಿಯ ಸಾರ್ವಜನಿಕ ಶೌಚಾಲಯಕ್ಕೆ ಬೀಗ ಬಿದ್ದು ಎಂಟು ತಿಂಗಳಾಗಿತ್ತು. ಪಂಪು ಸುಟ್ಟಿತು, ಪಂಪು ಸುಟ್ಟಿದ್ದಕ್ಕೆ ನೀರು ನಿಂತಿತು, ನೀರು ನಿಂತಿದ್ದಕ್ಕೆ ಬೀಗ ಬಿತ್ತು. ಗಂಡಸರಿಗೆ ಇದರಿಂದ ಅಂಥ ತೊಂದರೆಯೇನೂ ಆಗಲಿಲ್ಲ; ಅವರಿಗೆ ಊರಲ್ಲಿ ಗೋಡೆಗಳಿಗೇನೂ ಬರವಿಲ್ಲ. ಪೇಚಿಗೆ ಸಿಕ್ಕಿದವರು ದಿನವಿಡೀ ಅಂಗಡಿಯಲ್ಲಿ ಕೂತು ದುಡಿಯುವ ಹೆಂಗಸರು.

ಅವರಲ್ಲಿ ಒಬ್ಬಳು ಕ್ಷೌರಿಕನ ಹೆಂಡತಿ. ಗಂಡನ ಕಟಿಂಗ್ ಶಾಪು, ಪಕ್ಕದಲ್ಲೇ ಹೆಂಡತಿಯ ಹೊಲಿಗೆ ಅಂಗಡಿ, ಎರಡಕ್ಕೂ ನೆಟ್ಟಗೆ ಎದುರಿಗೆ ಆ ಬೀಗ. ಬೆಳಿಗ್ಗೆ ಒಂಬತ್ತಕ್ಕೆ ಮಿಶಿನ್ನಿನ ಮುಂದೆ ಕೂತರೆ ಸಂಜೆ ಏಳರವರೆಗೆ ಅವಳು ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಎರಡು ಸಲ ಉರಿಮೂತ್ರವಾಗಿ ಚಳಿಜ್ವರ ಬಂತು. ಎರಡನೆಯ ಸಲ ಡಾಕ್ಟರಮ್ಮ ಗದರಿಸಿಯೇ ಬಿಟ್ಟರು.

"ಹೀಗೇ ತಡ್ಕೊಂಡು ಕೂತ್ರೆ ಕಿಡ್ನಿಗೆ ಕುತ್ತು ಬರುತ್ತೆ. ನೀರು ಕುಡೀಬೇಕು, ಬಂದಾಗ ಹೋಗ್ಬೇಕು."

"ಎಲ್ಲಿಗೆ ಹೋಗ್ಲಿ ಅನ್ನೋದನ್ನೂ ಚೀಟೀಲಿ ಬರ್ದುಕೊಡಿ ಡಾಕ್ಟ್ರೇ," ಅಂದಳು ಅವಳು.

ಕ್ಷೌರಿಕನಿಗೆ ಹೆಂಡತಿಯ ಚಿಂತೆ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಅದಕ್ಕಿಂತ ಒಂದು ಹಿಡಿ ಹೆಚ್ಚಾಗಿ ಧೈರ್ಯವಿತ್ತು. ಏಕೆಂದರೆ ಆ ವಾರ್ಡಿನ ನಗರಸಭಾ ಸದಸ್ಯರು ಪ್ರತಿ ಮಂಗಳವಾರ ಗಡ್ಡ ಬೋಳಿಸಿಕೊಳ್ಳಲು ಅವನ ಕುರ್ಚಿಗೇ ಬರುತ್ತಿದ್ದರು.

"ನೀನ್ಯಾಕೆ ತಲೆ ಕೆಡಿಸ್ಕೋತೀಯ? ಮೆಂಬರ್ರ ಕಿವಿಗೆ ಹಾಕಿದೀನಿ. ಹೂಂ ಅಂದಿದಾರೆ."

"ಎಂಟು ತಿಂಗಳಿಂದ ಹೂಂ ಅಂತಾನೇ ಇದಾರಲ್ರೀ."

"ಒಂದು ಸಲನಾದ್ರೂ ಊಹೂಂ ಅಂದಿದಾರಾ, ಹೇಳು ಮತ್ತೆ."

ಈ ವಾದಕ್ಕೆ ಎದುರುತ್ತರ ತೋಚಿದ್ದು ಜೆರಾಕ್ಸ್ ಅಕ್ಕನಿಗೆ. ನಗರಸಭೆ ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದರಿಂದ ಆಕೆಗೆ ಆ ಹೆಸರು. ಪ್ರತಿ ತಿಂಗಳ ಸಭೆಯ ಅಜೆಂಡಾ ಆಕೆಯ ಮಿಶಿನ್ನಿನಲ್ಲೇ ಪ್ರತಿಯಾಗಬೇಕು. ಹಾಗಾಗಿ ಸದಸ್ಯರು ಓದುವ ಮೊದಲೇ, ಎಷ್ಟೋ ಸಲ ಸದಸ್ಯರು ಓದದೇ ಇದ್ದರೂ, ಅಜೆಂಡಾ ಆಕೆಗೆ ಬಾಯಿಪಾಠ. ಒಂದು ಮಧ್ಯಾಹ್ನ ಆಕೆ ರವಿಕೆ ಬಟ್ಟೆ ಕೊಡುವ ನೆಪದಲ್ಲಿ ಹೊಲಿಗೆ ಅಂಗಡಿಗೆ ಬಂದರು.

"ಎದುರಿನ ಶೌಚಾಲಯ ಕೆಡವ್ತಾರಂತೆ ಕಣೆ. ಮುಂದಿನ ವಾರದ ಸಭೇಲಿ ವಿಷಯ ಹದಿನಾರು. ಬಳಕೆಯಲ್ಲಿಲ್ಲದ ಕಟ್ಟಡ, ಸಾರ್ವಜನಿಕರಿಂದ ದೂರು ಇಲ್ಲ ಅಂತ ಬರ್ದಿದಾರೆ. ಆ ಜಾಗದಲ್ಲಿ ಸದಸ್ಯರ ಗಾಡಿ ನಿಲ್ಸೋಕೆ ಶೆಡ್ಡು."

"ದೂರು ಇಲ್ವಾ? ನಮ್ಮೆಜಮಾನ್ರು ವಾರ ವಾರ ಹೇಳ್ತಿದಾರಲ್ಲ ಅಕ್ಕ."

"ಬಾಯಲ್ಲಿ ಹೇಳಿದ್ರೆ ಅದು ಬರೀ ಮಾತು. ಬರ್ದು, ಸಹಿ ಹಾಕಿ, ಟಪಾಲು ವಿಭಾಗಕ್ಕೆ ಕೊಟ್ಟು, ನಂಬರು ಬಿದ್ದ ಸ್ವೀಕೃತಿ ಚೀಟಿ ಈಸ್ಕೊಂಡ್ರೆ ಅದು ದೂರು. ಆಮೇಲೆ ಇಲ್ಲ ಅನ್ನೋಕೆ ಯಾರಿಗೂ ಬಾಯಿ ಬರಲ್ಲ."

ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಅರ್ಜಿ ತಯಾರಾಯಿತು. ಎರಡು ದಿನದಲ್ಲಿ ಅರವತ್ತಮೂರು ಸಹಿ ಬಿದ್ದವು. ಔಷಧಿ ಅಂಗಡಿಯವರು ಹಾಕಿದರು, ಗಡಿಯಾರ ರಿಪೇರಿಯವರು ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಹಾಕಿದರು. ಹಾಕದವನು ಒಬ್ಬನೇ.

"ನಾನು ಹಾಕಲ್ಲ," ಅಂದ ಕ್ಷೌರಿಕ. "ಎದುರಿಗೇ ಹೇಳಿರೋನು ಹಿಂದಿನಿಂದ ಅರ್ಜಿ ಹಾಕ್ದ ಅಂತ ಮೆಂಬರ್ರು ಬೇಜಾರು ಮಾಡ್ಕೋತಾರೆ. ನಂದು ಡೈರೆಕ್ಟ್ ಲೈನು. ನಿಮ್ಮದೆಲ್ಲ ಸುತ್ತಿ ಬಳಸಿ ಹೋಗೋ ದಾರಿ."

ಹೆಂಡತಿ ಅರ್ಜಿ ಕೊಟ್ಟು ಚೀಟಿ ತಂದಳು. ನಂಬರು ಇನ್ನೂರ ಹನ್ನೆರಡು.

ಸಭೆಯ ದಿನ ಗಂಡ, ಹೆಂಡತಿ, ಜೆರಾಕ್ಸ್ ಅಕ್ಕ ಮೂವರೂ ಹೋಗಿ ಹಿಂದಿನ ಸಾರ್ವಜನಿಕರ ಬೆಂಚಿನಲ್ಲಿ ಕೂತರು. ತನ್ನ ಡೈರೆಕ್ಟ್ ಲೈನು ಕೆಲಸ ಮಾಡುವ ಚೆಂದ ನೋಡಲೆಂದೇ ಕ್ಷೌರಿಕ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಅಲ್ಲಿನ ವೈಖರಿ ಕಂಡು ಅವನಿಗೆ ಕಣ್ಣು ಕತ್ತಲೆ ಬಂತು. ವೃತ್ತದ ಕಂಬಕ್ಕೆ ಹಸಿರು ಬಣ್ಣವೋ ನೀಲಿ ಬಣ್ಣವೋ ಎಂದು ಮುಕ್ಕಾಲು ಗಂಟೆ ಕಿತ್ತಾಟ. ಇಡೀ ಪೇಟೆಯ ಚರಂಡಿ ಮಾತ್ರ ಒಂದು ಆಕಳಿಕೆಯಲ್ಲಿ ಪಾಸು.

ವಿಷಯ ಹದಿನಾರು ಬಂತು. ಗುಮಾಸ್ತರು ಅರ್ಜಿಯನ್ನು ಓದಿದರು. ವಾರ್ಡಿನ ಸದಸ್ಯರು ಎದ್ದು ನಿಂತರು. ಕ್ಷೌರಿಕ ಹೆಂಡತಿಯ ಮೊಣಕೈ ತಿವಿದು, "ಈಗ ನೋಡು," ಅಂದ.

"ಅಧ್ಯಕ್ಷರೇ, ನನ್ನ ವಾರ್ಡು ನಂಗೆ ಗೊತ್ತು," ಅಂದರು ಸದಸ್ಯರು. "ಆ ಶೌಚಾಲಯದ ಎದುರಿಗೇ ನಾನು ವಾರ ವಾರ ಶೇವಿಂಗಿಗೆ ಹೋಗೋ ಅಂಗಡಿ. ಅಷ್ಟು ತೊಂದ್ರೆ ಇದ್ದಿದ್ರೆ ಆ ಅಂಗಡಿಯವ್ರು ಸಹಿ ಹಾಕ್ತಿರ್ಲಿಲ್ವಾ? ಅರ್ಜೀಲಿ ಅವರ ಸಹಿ ಇದೆಯಾ, ನೋಡಿ."

ಗುಮಾಸ್ತರು ಅರವತ್ತಮೂರು ಸಹಿಗಳ ಮೇಲೂ ಬೆರಳಾಡಿಸಿದರು. "ಇಲ್ಲ ಸಾರ್."

"ನೋಡಿದ್ರಾ? ನೆಟ್ಟಗೆ ಎದುರಿಗೆ ಇರೋರಿಗೇ ಬೇಡ. ಇನ್ಯಾರಿಗೆ ಬೇಕು?"

ಕ್ಷೌರಿಕ ದಡಕ್ಕನೆ ಎದ್ದ. ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿದರು.

"ಸಾರ್ವಜನಿಕರು ಇಲ್ಲಿ ಮಾತಾಡೋ ಹಾಗಿಲ್ಲ. ಕೂತ್ಕೊಳ್ಳಿ."

"ಮಾತಾಡ್ತಿಲ್ಲ ಮೇಡಂ. ಸಹಿ ಹಾಕ್ಬೇಕು. ಆ ಹಾಳೆ ಒಂಚೂರು ಈ ಕಡೆ ಕೊಡಿ."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಸದಸ್ಯರಲ್ಲಿ ನಗದೆ ಇದ್ದವರು ಒಬ್ಬರೇ, ಬೇರೊಂದು ವಾರ್ಡಿನ ಸದಸ್ಯೆ. "ಅರವತ್ತಮೂರು ಜನ ಕೆಲಸವಿಲ್ದೆ ಬರೀತಾರಾ? ಈ ವಿಷಯ ಮುಂದಿನ ಸಭೆಗೆ ಇರ್ಲಿ," ಅಂದರು. ಕೈ ಎತ್ತಿಸಿ ಎಣಿಸಿದರು. ಮುಂದೂಡಲು ಹತ್ತು ಕೈ, ಇವತ್ತೇ ಕೆಡವಲು ಒಂಬತ್ತು. ಒಂದು ಕೈಯ ಅಂತರದಲ್ಲಿ ಶೌಚಾಲಯ ಉಳಿಯಿತು, ಬೀಗದ ಸಮೇತ.

ಅಂಗಡಿಯ ಬಾಗಿಲು ತೆಗೆಯುವಾಗ ಹೆಂಡತಿ, "ಇನ್ನೂ ಒಂದು ತಿಂಗಳು," ಅಂತ ಮಾತ್ರ ಅಂದಳು. ಆ ಒಂದು ತಿಂಗಳು ತನ್ನಿಂದಲೇ ಬಂದದ್ದೆಂದು ಅವನಿಗೆ ನಾಚಿಕೆಯಾಯಿತು.

ಮುಂದಿನ ಮಂಗಳವಾರ ಸದಸ್ಯರು ಎಂದಿನಂತೆ ಬಂದು ಕುರ್ಚಿಯಲ್ಲಿ ಒರಗಿದರು. ಕ್ಷೌರಿಕ ಬ್ರಶ್ಶು ಮುಟ್ಟದೆ ಎದುರಿಗೆ ಬಂದು ನಿಂತ.

"ಸಾರ್, ಆ ಶೌಚಾಲಯದ ವಿಷಯ ಎಂಟು ತಿಂಗಳಿಂದ ನಿಮಗೆ ಹೇಳ್ತಾನೇ ಇದೀನಿ. ನೀವೂ ಹೂಂ ಅಂತಿದ್ರಿ."

"ನನಗೆ ಹೇಳಿದ್ರಾ?" ಸದಸ್ಯರಿಗೆ ನಿಜಕ್ಕೂ ಆಶ್ಚರ್ಯ. "ನಿಮ್ಮ ಕೈ ಕೆನ್ನೆ ಮೇಲೆ ಬಿದ್ರೆ ನಂಗೆ ನಿದ್ದೆ ಹತ್ತಿಬಿಡುತ್ತೆ ಕಣ್ರೀ. ನಡುವೆ ಎಚ್ಚರ ಆದ್ರೆ ಕತ್ತಿ ಗಂಟಲ ಮೇಲಿರುತ್ತೆ. ಆಗ ನೀವು ಏನು ಹೇಳಿದ್ರೂ ಹೂಂ ಅಂತೀನಿ."

ಕ್ಷೌರಿಕ ಹೆಂಡತಿಯನ್ನು ಕರೆದ. ಅವಳು ಬಂದು, ತನ್ನ ಜ್ವರ, ಡಾಕ್ಟರಮ್ಮನ ಮಾತು, ಪಕ್ಕದಂಗಡಿಗಳ ಹೆಂಗಸರ ಪಾಡು ಎಲ್ಲವನ್ನೂ ನಿಧಾನವಾಗಿ ಹೇಳಿದಳು. ಸದಸ್ಯರಿಗೂ ಎರಡು ಹೆಣ್ಣುಮಕ್ಕಳಿದ್ದರು. ಗಡ್ಡವನ್ನೇ ಮರೆತು ಎದ್ದುಹೋಗಿ ಆ ಬೀಗವನ್ನು ಹತ್ತಿರದಿಂದ ನೋಡಿ ಬಂದರು.

ಅಂದೇ ಹೊಸ ಅರ್ಜಿ ಹೊರಟಿತು. ಮೊದಲನೆಯ ಸಹಿ ಕ್ಷೌರಿಕನದು, ಎರಡು ಸಾಲಿನ ಜಾಗ ತಿನ್ನುವಷ್ಟು ದೊಡ್ಡದು. ಟಪಾಲು ವಿಭಾಗಕ್ಕೂ ಅವನೇ ಹೋಗಿ, ಚೀಟಿ ಕೈಗೆ ಬರುವವರೆಗೆ ಕದಲಲಿಲ್ಲ.

ಮರುತಿಂಗಳ ಸಭೆಯಲ್ಲಿ ಪಂಪು ಕೂರಿಸಿ ಶೌಚಾಲಯ ತೆರೆಯಬೇಕೆಂಬ ಸೂಚನೆ ಮತಕ್ಕೆ ಬಂತು. ಮೊದಲು ಮೇಲೆದ್ದದ್ದು ವಾರ್ಡಿನ ಸದಸ್ಯರ ಕೈ. ಪರವಾಗಿ ಹದಿನೈದು, ವಿರೋಧ ನಾಲ್ಕು. ಗುಮಾಸ್ತರ ಮೇಲೆ ನಂಬಿಕೆ ಸಾಲದೆ ಕ್ಷೌರಿಕ ಬೆಂಚಿನಿಂದಲೇ ಎರಡು ಸಲ ಎಣಿಸಿದ.

"ಗೆದ್ವಿ, ನಡೀರಿ ಮನೆಗೆ," ಅಂದ.

"ಮನೆಗಲ್ಲ," ಅಂದರು ಜೆರಾಕ್ಸ್ ಅಕ್ಕ. "ಇಂಜಿನಿಯರ್ ಹತ್ರ ನಡೀರಿ. ಯಾವ ತಾರೀಕಿಗೆ ಬಾಗ್ಲು ತೆಗೀತಾರೆ ಅಂತ ಬರೆಸ್ಕೊಂಡು ಬರೋಣ. ಪಾಸಾದ ನಿರ್ಣಯ ಫೈಲಲ್ಲೇ ಮಲಗಿದ್ರೆ ಏನು ಬಂತು?"

ಹನ್ನೆರಡನೆಯ ದಿನ ಪಂಪು ಬಂತು. ಬಾಗಿಲೂ ತೆರೆಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಒಂದು ಬೀಗ, ಒಂದು ಒಡೆದ ಪೈಪು, ಉರಿಯದ ಒಂದು ದೀಪ ಇದ್ದೀತು. ಅದರ ಬಗ್ಗೆ ಬರೆದು ಕೊಡಿ, ಸ್ವೀಕೃತಿ ಚೀಟಿ ತೆಗೆದಿಟ್ಟುಕೊಳ್ಳಿ. ಸಭೆ ಯಾವಾಗ, ಅಲ್ಲಿ ಸಾರ್ವಜನಿಕರು ಕೂರಬಹುದೇ ಎಂದು ನಿಮ್ಮ ಕಚೇರಿಯಲ್ಲಿ ವಿಚಾರಿಸಿ. ಕೂರಬಹುದಾದರೆ ಹೋಗಿ ಕೂತು, ಯಾರ ಕೈ ಯಾವುದಕ್ಕೆ ಎದ್ದಿತು ಎಂದು ಕಣ್ಣಾರೆ ನೋಡಿ. ನಿರ್ಣಯವಾದ ಮೇಲೆ ಕೆಲಸದ ತಾರೀಕು ಕೇಳಿ. ಮತ್ತೆ, ನೆರೆಯವರು ಅರ್ಜಿ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ, ನಾನೊಬ್ಬ ಹಾಕದಿದ್ದರೆ ಏನಾದೀತು ಅನ್ನಬೇಡಿ. ನೀವು ಹಾಕದ ಸಹಿಯನ್ನೂ ಅಲ್ಲಿ ಎಣಿಸುತ್ತಾರೆ, ಅದೂ ನಿಮ್ಮ ಮನೆಯವರ ವಿರುದ್ಧ.